ಕಾಫಿ ಎಲೆಗೆ ಡ್ರಿಪ್ ಪೈಪು: ಮಗ ಡಾರ್ವಿನ್ ದಾರಿಯಲ್ಲಿ

ಡಾರ್ವಿನ್ ಅಂದರೆ ಎಲ್ಲರಿಗೂ ನೆನಪಾಗುವುದು ಅಪ್ಪ ಚಾರ್ಲ್ಸ್. ನಮ್ಮ ಮೂಡಿಗೆರೆ ಕಡೆ ತೋಟಕ್ಕೆ ಒದಗಿದ್ದು ಮಗ ಫ್ರಾನ್ಸಿಸ್. ಗಿಡಗಳ ಚಲನೆಯ ಬಗ್ಗೆ 1880ರಲ್ಲಿ ಬಂದ ಪುಸ್ತಕಕ್ಕೆ ಅಪ್ಪನ ಜೊತೆ ದುಡಿದು, ಆಮೇಲೆ ಪತ್ರರಂಧ್ರದ, ಅಂದರೆ ಎಲೆ ಉಸಿರಾಡುವ ಸಣ್ಣ ತೂತುಗಳ, ಬೆನ್ನು ಹತ್ತಿದವರು. ಡೊರೊಥಿಯಾ ಪರ್ಟ್ಸ್ ಜೊತೆಗೂಡಿ 1911ರಲ್ಲಿ ಅವರು ವಿವರಿಸಿದ, ಈ ರಂಧ್ರ ಎಷ್ಟು ತೆರೆದಿದೆ ಅಂತ ಅಳೆಯುವ ಪೊರೋಮೀಟರನ್ನೇ ನಾನು ಕಟ್ಟಿದ್ದು. "ಎಲೆಗೂ ಡ್ರಿಪ್ ಹಾಕ್ತೀರಾ ಮಾರಾಯ್ರೆ?" ಅಂತ ನಕ್ಕವರು ಈಗ ವಾಚು ಹಿಡಿದು ಪಕ್ಕದಲ್ಲೇ ನಿಲ್ಲುತ್ತಾರೆ.

2 ಎಂಎಲ್ ಸಿರಿಂಜಿನ ಮೂತಿ ಕಡೆಯ ಒಂದು ಸೆಂಟಿಮೀಟರ್ ಕತ್ತರಿಸಿ, ಅಂಚನ್ನು ಉಪ್ಪುಕಾಗದದಲ್ಲಿ ತಿಕ್ಕಿದರೆ ಬಟ್ಟಲು ಸಿದ್ಧ. ಅದನ್ನು ಎಲೆಯ ಅಡಿಗೆ ಅಂಟಿಸಬೇಕು, ಅದರ ಮೂತಿ ತ್ರೀವೇ ಕಾಕಿನ (ಮೂರು ಬಾಯಿಯ ಪುಟ್ಟ ನಲ್ಲಿ) ಒಂದು ಬಾಯಿಗೆ. ಇನ್ನೊಂದಕ್ಕೆ ಎಳೆಯುವ ಸಿರಿಂಜು. ಮೂರನೆಯದಕ್ಕೆ ಆಸ್ಪತ್ರೆಯ ಡ್ರಿಪ್ ಪೈಪು, ಅದರ ತುದಿ ನೀರಿನ ಬಾಟಲಿಯೊಳಗೆ. ನೀರನ್ನು 20 ಸೆಂಟಿಮೀಟರ್ ಎಳೆದು ಸಿರಿಂಜಿನ ದಾರಿ ಮುಚ್ಚಿ, 15ಕ್ಕೆ ಇಳಿಯಲು ಎಷ್ಟು ಸೆಕೆಂಡು ಅಂತ ನೋಡುವುದು. ಎಲೆಯ ರಂಧ್ರ ತೆರೆದಷ್ಟೂ ಗಾಳಿ ಒಳಬಂದು ನೀರು ಬೇಗ ಇಳಿಯುತ್ತದೆ. ಸಾಮಾನಿಗೆ ಇನ್ನೂರು ರೂಪಾಯಿ ಆಗಿರಬೇಕು. ಅಂಟಿಗೆ ಅದರ ಮೂರು ಪಟ್ಟು ಸುರಿದೆ.

ವ್ಯಾಸಲೀನ್ ಜಾರಿ ಒಳಗೆ ಹರಡಿ ರಂಧ್ರಗಳನ್ನೇ ಮುಚ್ಚಿತು. ಎಲ್ಲ ಎಲೆಯೂ ಬಾಯಿ ಮುಚ್ಚಿದ ಹಾಗೆ ಕಂಡಿತು. ಫೆವಿಕ್ವಿಕ್ ಹಾಕಿದ ಜಾಗ ಮರುದಿನಕ್ಕೆ ಕಂದು. ಫ್ರಾನ್ಸಿಸ್ ಬಳಸಿದ್ದು ಜೆಲಾಟಿನ್. ಅವರ ಕೇಂಬ್ರಿಜ್‌ಗೆ ಸರಿ, ನಮ್ಮ ಮಾರ್ಚ್ ಬಿಸಿಲಿಗೆ ಅದು ನೀರು. ಕೊನೆಗೆ ಕೈ ಹಿಡಿದದ್ದು ಚೈನಾ ಗ್ರಾಸ್, ಅಂದರೆ ಅಗರ್. ಒಮ್ಮೆ ಗಟ್ಟಿಯಾದರೆ ಸುಮಾರು 85 ಡಿಗ್ರಿವರೆಗೂ ಕರಗಲ್ಲ. 50 ಎಂಎಲ್ ನೀರಿಗೆ ಒಂದು ಗ್ರಾಂ ಕುದಿಸಿ, ಕೈ ತಾಳುವಷ್ಟು ಆರಿದ ಮೇಲೆ ಅಂಚಿಗಷ್ಟೇ ತೆಳ್ಳಗೆ ಸವರಬೇಕು. ಒಣಗಿ ಬಿರುಕು ಬಿಡದಂತೆ ಇನ್ನೊಂದು ಹನಿ ಸೇರಿಸುತ್ತೇನೆ, ಅದೇನಂತ ಸದ್ಯಕ್ಕೆ ಹೇಳಲ್ಲ.

ಅಷ್ಟಾದರೂ ಅರೇಬಿಕಾದಲ್ಲಿ ಗಾಳಿ ಸೋರುತ್ತಲೇ ಇತ್ತು. ಎಲೆ ತಿರುಗಿಸಿ ಬೆಳಕಿಗೆ ಹಿಡಿದರೆ ನಡುನರಕ್ಕೆ ಪಕ್ಕದ ನರ ಸೇರುವ ಮೂಲೆಯಲ್ಲಿ ಸಣ್ಣ ಗುಳಿ. ಬಟ್ಟಲಿನ ಅಂಚು ಅದರ ಮೇಲೇ ಕೂತಿತ್ತು. ಈಗ ಎರಡು ನರಗಳ ನಡುವಿನ ಬಯಲಲ್ಲಿ ಕೂರಿಸುತ್ತೇನೆ. ನಂಬದವರಿಗೆ ಅದೇ ಎಲೆಯ ಮೇಲ್ಭಾಗಕ್ಕೆ ಅಂಟಿಸಿ ತೋರಿಸಿದೆ. ಕಾಫಿಗೆ ಮೇಲುಗಡೆ ರಂಧ್ರವೇ ಇಲ್ಲ, ನೀರು ಕದಲಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ನೆರಳಲ್ಲಿ 20–25 ಸೆಕೆಂಡು. ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಜಾಸ್ತಿಯಾದ ಪಟ್ಟೆಯಲ್ಲಿ ಮಧ್ಯಾಹ್ನ ಎರಡು ನಿಮಿಷ ದಾಟಿತು. ಒಂದು ಅಳತೆಗೂ ಇನ್ನೊಂದಕ್ಕೂ ನಡುವೆ ಸಿರಿಂಜು ಕಳಚಿ ಕಾಕು ತೆರೆದಿಡಿ. ಬಟ್ಟಲೊಳಗಿನ ಇಂಗಾಲದ ಡೈಆಕ್ಸೈಡನ್ನು ಎಲೆ ಹೀರಿಬಿಟ್ಟರೆ ಅಲ್ಲಿನ ರಂಧ್ರ ಇನ್ನಷ್ಟು ತೆರೆದು ಲೆಕ್ಕ ತಪ್ಪುತ್ತದೆ.

ನಡುವೆ, ಮೊಳಕೆಯ ತುದಿಗೆ ಟೊಪ್ಪಿ ಹಾಕಿ ಅದು ಬೆಳಕಿನ ಕಡೆ ಬಾಗುತ್ತದೆಯೇ ಅಂತ ನೋಡುವ ಅಪ್ಪ-ಮಗನ ಹಳೇ ಪ್ರಯೋಗವನ್ನೂ ಮುಸುಕಿನ ಜೋಳದಲ್ಲಿ ಮಾಡಿದೆ. ಚಾಕೊಲೇಟ್ ಹಾಳೆ ತೊಡಿಸಿದವು ನೆಟ್ಟಗೆ ನಿಂತವು, ಪಾರದರ್ಶಕ ಸ್ಟ್ರಾ ತೊಡಿಸಿದವು ಕಿಟಕಿ ಕಡೆ ಬಾಗಿದವು. ಹತ್ತರಲ್ಲಿ ಮೂರನ್ನು ಇಲಿ ತಿಂದಿತು. ಮುಂದಿನ ವಾರ ರೋಬಸ್ಟಾಗೆ ಬಟ್ಟಲು ಅಂಟಿಸಬೇಕು. ಎಲೆ ದೊಡ್ಡದು, 5 ಎಂಎಲ್ ಸಿರಿಂಜೇ ಹಿಡಿಸೀತು.