ಟೆನ್ಷನ್ ಎಂಬ ಗಂಟು ಬಿಚ್ಚುವ ಕೆಲಸ

ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ಆಪ್ತಸಮಾಲೋಚನೆ ಕೊಠಡಿಗೆ ಬರುವ ಹುಡುಗ ಹುಡುಗಿಯರು ಆಡುವ ಮೊದಲ ಮಾತು ಬಹುಮಟ್ಟಿಗೆ ಒಂದೇ: ‘ಏನೋ ಟೆನ್ಷನ್ ಮೇಡಂ.’ ಆ ಒಂದು ಗಂಟಿನೊಳಗೆ ಏನೇನೋ ಇರುತ್ತದೆ. ಅಟೆಂಡೆನ್ಸ್ ಶಾರ್ಟೇಜು, ಗಣಿತದ ಎರಡು ಬ್ಯಾಕ್‌ಲಾಗು (ಪಾಸಾಗದೆ ಉಳಿದ ಪರೀಕ್ಷೆ), ಪಿಜಿಯಲ್ಲಿ ಸೇರದ ಊಟ, ಯಲಹಂಕದಿಂದ ಕೆಂಗೇರಿಗೆ ದಿನವೂ ಓಡಾಟ, ಇಂಗ್ಲಿಷ್ ಪಾಠ ತಲೆಗೆ ಹತ್ತದಿರುವುದು, ಫೀಸಿಗೆ ಅಪ್ಪ ಮಾಡಿದ ಸಾಲ, ಮುರಿದ ಪ್ರೀತಿ. ಕೆಲವೊಮ್ಮೆ ಇವೆಲ್ಲದರ ಅಡಿಯಲ್ಲಿ ನಿಜವಾದ ಖಿನ್ನತೆ. ಗಂಟು ಬಿಚ್ಚಿ ಒಂದೊಂದನ್ನೇ ಬೇರೆ ಇಡುವ ಮುಂಚೆ ಧೈರ್ಯ ಹೇಳಲು ಹೊರಟರೆ ಕೆಲಸ ಕೆಡುತ್ತದೆ. ‘ಪಾಸಿಟಿವ್ ಆಗಿ ಯೋಚನೆ ಮಾಡು’ ಅನ್ನುವುದು ನಮ್ಮಲ್ಲಿ ಬೈಗುಳಕ್ಕೆ ಸಮ.

ಮೊದಲು ಕೊಠಡಿಯ ವಿಷಯ. ಪ್ರಿನ್ಸಿಪಾಲರ ಕಚೇರಿಯ ಪಕ್ಕ ಇಟ್ಟರೆ ಯಾರೂ ಬರುವುದಿಲ್ಲ. ಅಲ್ಲಿ ನಿಂತವನನ್ನು ಕಂಡವರೆಲ್ಲ ‘ಏನೋ ಗಲಾಟೆ ಮಾಡಿಕೊಂಡಿದ್ದಾನೆ’ ಅಂದುಕೊಳ್ಳುತ್ತಾರೆ. ಲೈಬ್ರರಿ ಇರುವ ಮಹಡಿಯೇ ಸರಿ, ಬೇರೆ ನೆಪದಲ್ಲಿ ಹೋಗಬಹುದಾದ ಜಾಗ. ಸಮಯ ಊಟದ ಬಿಡುವಿನಲ್ಲೂ ಇರಬೇಕು, ಏಕೆಂದರೆ ಸಂಜೆ ಕಾಲೇಜು ಬಸ್ಸು ಹಿಡಿಯುವವರು ತರಗತಿ ಮುಗಿದ ಮೇಲೆ ಐದು ನಿಮಿಷವೂ ನಿಲ್ಲಲಾರರು. ಹೆಸರು ಬರೆಯುವ ಪುಸ್ತಕ ಮೇಜಿನ ಮೇಲೆ ತೆರೆದಿರಬಾರದು. ಅಟೆಂಡರ್ ಕೈಲಿ ಚೀಟಿ ಕೊಟ್ಟು ತರಗತಿಯಿಂದ ವಿದ್ಯಾರ್ಥಿಯನ್ನು ಕರೆಸುವುದಂತೂ ಕೂಡದು. ಅರವತ್ತು ಜನರೆದುರು ಒಬ್ಬನ ಹೆಸರು ಕೂಗಿಸಿದ ಮೇಲೆ ಗೋಪ್ಯತೆಯ ಮಾತಾಡಿ ಏನು ಪ್ರಯೋಜನ?

ಮೊದಲ ಭೇಟಿಗೆ ನಲವತ್ತೈದು ನಿಮಿಷ ಇಡುತ್ತೇವೆ. ಕೂತ ಕೂಡಲೇ ಒಂದು ಮಾತು ಸ್ಪಷ್ಟಪಡಿಸುತ್ತೇವೆ: ಇಲ್ಲಿ ಹೇಳಿದ್ದು ವಿಭಾಗದ ಮುಖ್ಯಸ್ಥರಿಗೂ ಹೋಗಲ್ಲ, ಮನೆಗೂ ಹೋಗಲ್ಲ, ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅನ್ನಿಸಿದರೆ ಮಾತ್ರ ನಿನಗೆ ತಿಳಿಸಿಯೇ ಬೇರೆಯವರನ್ನು ಸೇರಿಸಿಕೊಳ್ಳುತ್ತೇವೆ. ಆಮೇಲೆ ‘ಏನು ಪ್ರಾಬ್ಲಂ?’ ಎಂದು ಕೇಳುವುದಿಲ್ಲ. ಹಾಗೆ ಕೇಳಿದರೆ ಉತ್ತರ ಮತ್ತೆ ‘ಟೆನ್ಷನ್’ ಅಂತಲೇ ಬರುತ್ತದೆ. ‘ಇವತ್ತೇ ಬರಬೇಕು ಅಂತ ಯಾಕೆ ಅನ್ನಿಸ್ತು?’ ಎಂದರೆ ಸಿಕ್ಕು ಎಲ್ಲಿದೆಯೋ ಅಲ್ಲಿಗೇ ಕೈ ಹೋಗುತ್ತದೆ: ನಿನ್ನೆ ಇಂಟರ್ನಲ್ಸ್ (ಕಾಲೇಜೇ ನಡೆಸುವ ಪರೀಕ್ಷೆ) ಮಾರ್ಕ್ಸ್ ಹಾಕಿದರು, ಬೆಳಗ್ಗೆ ಅಪ್ಪ ಫೋನ್ ಮಾಡಿದ್ದರು, ರೂಮ್‌ಮೇಟ್ ಪಿಜಿ ಬಿಟ್ಟ.

ಎರಡನೆಯದು ನಿನ್ನೆಯ ದಿನಚರಿ. ‘ಎದ್ದಾಗಿಂದ ಮಲಗೋ ತನಕ ಹೇಳ್ತಾ ಹೋಗಪ್ಪ, ಏನೂ ಬಿಡಬೇಡ.’ ಒಂದು ಮಾದರಿ ನಿನ್ನೆ ಹೀಗಿರುತ್ತದೆ: ಮಲಗಿದ್ದು ರಾತ್ರಿ ಎರಡೂವರೆಗೆ, ಎದ್ದಿದ್ದು ಎಂಟೂ ಮುಕ್ಕಾಲಿಗೆ. ಅಷ್ಟೊತ್ತಿಗೆ ಪಿಜಿಯಲ್ಲಿ ತಿಂಡಿ ಖಾಲಿ, ಮೊದಲ ಪೀರಿಯಡ್ ಹೋಯಿತು. ಹನ್ನೊಂದಕ್ಕೆ ಬನ್ನು ಮತ್ತು ಟೀ, ಮಧ್ಯಾಹ್ನ ಕ್ಯಾಂಟೀನಿನ ಚಿತ್ರಾನ್ನ. ಸಂಜೆ ಐದಕ್ಕೆ ರೂಮಿಗೆ ಬಂದು ಏಳರವರೆಗೆ ನಿದ್ದೆ, ಎದ್ದು ಫಿಲ್ಟರ್ ಕಾಫಿ, ಹತ್ತಕ್ಕೆ ಪುಸ್ತಕ, ಹನ್ನೊಂದಕ್ಕೆ ಫೋನು. ಇದನ್ನು ಅವನು ಸೋಮಾರಿತನ ಎಂದು ಕರೆದುಕೊಂಡು ತನ್ನನ್ನೇ ಬೈದುಕೊಳ್ಳುತ್ತಿರುತ್ತಾನೆ. ನೋಡಿದರೆ ರಾತ್ರಿಯ ನಿದ್ದೆಯನ್ನು ತಿಂದಿರುವುದು ಸಂಜೆಯ ಆ ಎರಡು ಗಂಟೆ ಮತ್ತು ಏಳರ ಕಾಫಿ. ಕೆಫೀನ್ ಕುಡಿದು ಸುಮಾರು ಐದು ಗಂಟೆ ಕಳೆದರೂ ಅದರ ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆ.

ನಿದ್ದೆಗೆ ನಾವು ಹೇಳುವುದು ಏಳುವ ಹೊತ್ತನ್ನು ಮೊದಲು ಗಟ್ಟಿ ಮಾಡಲು. ಮಲಗುವ ಹೊತ್ತು ತಾನಾಗಿ ಹಿಂದೆ ಬರುತ್ತದೆ. ಎಷ್ಟೊತ್ತಿಗೆ ಮಲಗಿದರೂ ಏಳುವುದು ಏಳಕ್ಕೆ, ಭಾನುವಾರವೂ. ಮಧ್ಯಾಹ್ನ ತೂಕಡಿಸಿದರೆ ಮೂರು ಗಂಟೆಯೊಳಗೆ ಇಪ್ಪತ್ತು ನಿಮಿಷ ಸಾಕು. ನಾಲ್ಕರ ಮೇಲೆ ಟೀ ಕಾಫಿ ಇಲ್ಲ. ಹಾಸಿಗೆಯಲ್ಲಿ ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬಾರದಿದ್ದರೆ ಎದ್ದು ಕೂತು, ಕಣ್ಣು ಎಳೆದಾಗ ಮತ್ತೆ ಮಲಗಬೇಕು. ಹಾಸಿಗೆ ಮೇಲೆ ಓದಬಾರದು ಎಂಬ ನಿಯಮ ಮೂವರು ಹಂಚಿಕೊಂಡ ಪಿಜಿ ಕೋಣೆಯಲ್ಲಿ ನಡೆಯುವುದಿಲ್ಲ, ಅಲ್ಲಿ ಮಂಚವೇ ಮೇಜು. ಅಂಥವರಿಗೆ ಓದುವಾಗ ದಿಂಬು ತೆಗೆದಿಟ್ಟು ಕಾಲಿನ ಕಡೆ ಕೂರಲು, ಮಲಗುವಾಗ ಮಾತ್ರ ದಿಂಬು ಹಾಕಲು ಹೇಳುತ್ತೇವೆ. ಮೊದಲ ಮೂರು ನಾಲ್ಕು ದಿನ ಹಗಲೆಲ್ಲ ತಲೆ ಭಾರ ಇರುತ್ತದೆ ಎಂದು ಮುಂಚೆಯೇ ಎಚ್ಚರಿಸಬೇಕು. ಇಲ್ಲದಿದ್ದರೆ ಐದನೇ ದಿನಕ್ಕೆ ‘ಇದೆಲ್ಲ ನನಗಾಗಲ್ಲ’ ಎಂದು ಬಿಟ್ಟುಬಿಡುತ್ತಾರೆ. ಎರಡು ವಾರ ಹಿಡಿದವರಿಗೆ ಫರಕು ಕಾಣುತ್ತದೆ.

ಅಟೆಂಡೆನ್ಸಿನದು ಶುದ್ಧ ಲೆಕ್ಕ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಕೇಳುವುದು ಶೇ. 85. ‘ಡಿಟೈನ್ ಆಗ್ತೀನಿ, ಪರೀಕ್ಷೆಗೆ ಕೂರಿಸಲ್ಲ’ ಎಂದು ಅಳುತ್ತ ಬಂದವರಲ್ಲಿ ಎಷ್ಟೋ ಮಂದಿ ಲೆಕ್ಕ ಹಾಕಿಯೇ ಇರುವುದಿಲ್ಲ. ಹಾಳೆಯ ಮೇಲೆ ಒಂದೊಂದು ವಿಷಯಕ್ಕೆ ನಾಲ್ಕು ಅಂಕಿ ಬರೆಸುತ್ತೇವೆ: ಒಟ್ಟು ಆಗಬೇಕಾದ ತರಗತಿ, ಆಗಿರುವುದು, ಬಂದಿರುವುದು, ಉಳಿದಿರುವುದು. ಒಟ್ಟು 40, ಆಗಿರುವುದು 28, ಬಂದಿರುವುದು 22. ಉಳಿದ ಹನ್ನೆರಡಕ್ಕೂ ಬಂದರೆ 34, ಅಂದರೆ ಸರಿಯಾಗಿ ಶೇ. 85. ಒಂದೂ ತಪ್ಪಿಸುವಂತಿಲ್ಲ, ಆದರೆ ದಾರಿ ಇದೆ. ಲೆಕ್ಕ ಕೂಡದಿದ್ದರೆ ವೈದ್ಯಕೀಯ ದಾಖಲೆ ಇದೆಯೇ, ವಿನಾಯಿತಿ ಅರ್ಜಿ ಯಾರಿಗೆ, ಯಾವ ತಾರೀಖಿನೊಳಗೆ ಎಂಬುದನ್ನು ಅಲ್ಲೇ ಕೂತು ಬರೆಯುತ್ತೇವೆ. ನನ್ನ ಕಣ್ಣಿಗೆ ಕಂಡಂತೆ ಎಷ್ಟೋ ಮಂದಿಗೆ ಪ್ರಾಣಾಯಾಮಕ್ಕಿಂತ ಈ ಹಾಳೆಯೇ ಬೇಗ ಎದೆ ಹಗುರ ಮಾಡುತ್ತದೆ.

ಬ್ಯಾಕ್‌ಲಾಗಿಗೂ ಹೀಗೆಯೇ: ಎಲ್ಲವನ್ನೂ ಒಟ್ಟಿಗೆ ಹಿಡಿಯದೆ, ಪಾಸಿಗೆ ಅತಿ ಹತ್ತಿರ ಇರುವ ವಿಷಯ ಮೊದಲು.

ಭಾಷೆಯದ್ದನ್ನು ಮಾತ್ರ ಬಹಳ ಕಾಲೇಜುಗಳು ಮಾನಸಿಕ ಸಮಸ್ಯೆ ಎಂದು ತಪ್ಪು ಪಟ್ಟಿಗೆ ಸೇರಿಸುತ್ತವೆ. ರಾಯಚೂರು, ಹಾಸನ, ಚಾಮರಾಜನಗರದ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಬಾಯಿ ಬಿಡದಿದ್ದರೆ ಅವಳಿಗೆ ‘ಕಾನ್ಫಿಡೆನ್ಸ್ ಇಲ್ಲ’ ಎಂದು ಬರೆದು ನಮ್ಮ ಬಳಿ ಕಳಿಸುತ್ತಾರೆ. ಅವಳಿಗೆ ವಿಷಯ ಗೊತ್ತು, ವಾಕ್ಯ ಕೂಡುತ್ತಿಲ್ಲ. ದಿನಕ್ಕೆ ಹದಿನೈದು ನಿಮಿಷದ ಅಭ್ಯಾಸ ಕೊಡುತ್ತೇವೆ: ಒಂದು ಪ್ಯಾರಾ ಇಂಗ್ಲಿಷ್‌ನಲ್ಲಿ ಓದು, ಪುಸ್ತಕ ಮುಚ್ಚಿ ಕನ್ನಡದಲ್ಲಿ ಜೋರಾಗಿ ಹೇಳು, ಆಮೇಲೆ ಐದು ಸಣ್ಣ ಇಂಗ್ಲಿಷ್ ವಾಕ್ಯ ಬರೆ. ಪಾರಿಭಾಷಿಕ ಪದ ಹಾಗೇ ಇರಲಿ, ವಾಕ್ಯ ಚಿಕ್ಕದಿರಲಿ. ಅದೇ ಹಾದಿಯಲ್ಲಿ ಬಂದ ಮೂರನೇ ವರ್ಷದ ಸೀನಿಯರ್ ಒಬ್ಬರನ್ನು ಜೊತೆ ಹಾಕಿದರೆ ಅರ್ಧ ಕೆಲಸ ಮುಗಿದಂತೆ.

ಉಸಿರಾಟವನ್ನು ನಾವು ಹೇಳಿಕೊಡುವುದಿಲ್ಲ ಎಂದಲ್ಲ. ನಾಲ್ಕು ಎಣಿಸುವವರೆಗೆ ಮೂಗಿನಿಂದ ಒಳಗೆ, ಆರು ಎಣಿಸುವವರೆಗೆ ಹೊರಗೆ, ಐದು ನಿಮಿಷ. ಇದರಲ್ಲಿ ಆಗುವ ತಪ್ಪು ಎರಡು. ಒಂದು, ‘ದೀರ್ಘ’ ಎಂದಿದ್ದನ್ನು ‘ಜೋರು’ ಎಂದು ತಿಳಿದು ಎದೆಯುಬ್ಬಿಸಿ ಎಳೆಯುವುದು. ಆಗ ತಲೆ ಸುತ್ತಿ, ಬೆರಳ ತುದಿ ಜುಮ್ಮೆಂದು, ಗಾಬರಿ ಇನ್ನೂ ಏರುತ್ತದೆ. ಇನ್ನೊಂದು, ಪರೀಕ್ಷಾ ಕೊಠಡಿಯಲ್ಲಿ ಮೊದಲ ಸಲ ಮಾಡಿನೋಡುವುದು. ಹತ್ತು ದಿನ ಆರಾಮಿರುವಾಗ ಮಾಡಿ ಮೈಗೆ ಹಿಡಿಸಿಕೊಂಡಿದ್ದರೆ ಮಾತ್ರ ಅಲ್ಲಿ ಕೈ ಹಿಡಿಯುತ್ತದೆ. ಎದೆ ಡವಡವ, ಕೈ ನಡುಕ ಇರುವವರು ಮೊದಲ ಸಲವಾದರೆ ವೈದ್ಯರಿಗೆ ತೋರಿಸಿಯೇ ಬರಲಿ. ಸುಸ್ತು, ಬೇಸರ ಎನ್ನುವವರಿಗೂ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಲು ಹೇಳುತ್ತೇವೆ.

ಇಷ್ಟನ್ನು ಬೇರೆ ಇಟ್ಟ ಮೇಲೂ ಉಳಿಯುವುದು ಯಾವುದು ಎಂದು ನೋಡಲು ಪಿಹೆಚ್‌ಕ್ಯೂ-9 ಎಂಬ, ಖಿನ್ನತೆಯ ಲಕ್ಷಣ ಕೇಳುವ ಒಂಬತ್ತು ಪ್ರಶ್ನೆಗಳ ಹಾಳೆ ಬಳಸುತ್ತೇವೆ, ಕನ್ನಡದಲ್ಲೂ ಸಿಗುತ್ತದೆ. ಕಳೆದ ಎರಡು ವಾರದ ಬಗ್ಗೆ ಕೇಳುತ್ತದೆ, ಪ್ರತಿ ಪ್ರಶ್ನೆಗೆ 0ರಿಂದ 3, ಒಟ್ಟು 27. ಹತ್ತು ಮುಟ್ಟಿದರೆ ಅಥವಾ ದಾಟಿದರೆ ಇನ್ನೂ ಕೂಲಂಕಷವಾಗಿ ನೋಡಬೇಕು ಎಂದಷ್ಟೇ ಅರ್ಥ, ಅದೇ ರೋಗನಿರ್ಣಯವಲ್ಲ. ಪರೀಕ್ಷೆಯ ವಾರದಲ್ಲಿ ಎಲ್ಲರದ್ದೂ ಏರುವುದರಿಂದ ಎರಡು ವಾರ ಬಿಟ್ಟು ಮತ್ತೊಮ್ಮೆ ತುಂಬಿಸುತ್ತೇವೆ. ಇದನ್ನು ಗೂಗಲ್ ಫಾರ್ಮ್ ಮಾಡಿ ಶುಕ್ರವಾರ ಸಂಜೆ ಇಡೀ ಬ್ಯಾಚಿಗೆ ಕಳಿಸುವುದು ಅಪಾಯ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅದಕ್ಕೆ ‘ಹೌದು’ ಎಂದವನ ಉತ್ತರ ಸೋಮವಾರದವರೆಗೆ ಯಾರೂ ಓದದೆ ಬಿದ್ದಿರಬಾರದು. ಅದೇ ದಿನ ಓದಿ ಅದೇ ದಿನ ಮಾತಾಡಿಸುವವರು ಇಲ್ಲದಿದ್ದರೆ ಆ ಹಾಳೆಯನ್ನು ಹಂಚಲೇಬೇಡಿ.

ಆ ಪ್ರಶ್ನೆಯನ್ನು ಬಾಯಿಂದಲೂ ನೇರವಾಗಿ ಕೇಳಬೇಕು. ‘ಅಂಥದ್ದೇನೂ ಇಲ್ಲ ತಾನೇ?’ ಎಂದರೆ ಇಲ್ಲ ಎನ್ನಿಸಿಕೊಳ್ಳಲು ನಾವೇ ದಾರಿ ಮಾಡಿಕೊಟ್ಟಂತೆ. ‘ಇಷ್ಟು ಕಷ್ಟ ಆದಾಗ ಕೆಲವರಿಗೆ ಸಾಯಬೇಕು ಅನ್ಸುತ್ತೆ. ನಿನಗೆ ಹಾಗೆ ಅನ್ಸಿದೆಯಾ?’ ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಹೊಗುವುದಿಲ್ಲ. ಆ ಯೋಚನೆ ಹೊತ್ತವರಿಗೆ ಹೇಳಿಕೊಳ್ಳಲು ಜಾಗ ಸಿಗುತ್ತದೆ. ಹೌದು ಎಂದರೆ ಮುಂದೆ ಕೇಳುವುದು: ಹೇಗೆ ಅಂತ ಯೋಚಿಸಿದ್ದೀಯಾ, ಅದಕ್ಕೆ ಬೇಕಾದ್ದು ಕೈಗೆ ಸಿಗುವಂತಿದೆಯಾ, ಹಿಂದೆ ಪ್ರಯತ್ನ ಆಗಿತ್ತಾ, ಇವತ್ತು ರಾತ್ರಿ ಜೊತೆಗೆ ಯಾರಿರ್ತಾರೆ. ತಕ್ಷಣದ ಅಪಾಯ ಕಂಡರೆ ಒಬ್ಬರನ್ನೇ ಬಿಡುವ ಮಾತೇ ಇಲ್ಲ, ಶೌಚಾಲಯದ ಬಾಗಿಲವರೆಗೂ ಯಾರಾದರೂ ಹೋಗಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆಯ ಮುಖ್ಯ ಕೇಂದ್ರವೂ ನಿಮ್ಹಾನ್ಸೇ. ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟು ಕಳಿಸಿದರೆ ಚೀಟಿ ಜೇಬಿನಲ್ಲೇ ಉಳಿಯುತ್ತದೆ; ನಮ್ಮೆದುರೇ ಡಯಲ್ ಮಾಡಿಸುತ್ತೇವೆ.

ಇಲ್ಲಿ ಕಾಲೇಜುಗಳು ಮಾಡುವ ದೊಡ್ಡ ತಪ್ಪು, ‘ಮನೆಗೆ ಕಳಿಸಿಬಿಡಿ’ ಎಂದು ಅದೇ ರಾತ್ರಿಯ ಬಸ್ಸಿಗೆ ಒಬ್ಬರನ್ನೇ ಹತ್ತಿಸುವುದು. ಇನ್ನೊಂದು, ಪೊಲೀಸ್ ಕೇಸ್ ಆಗುತ್ತದೆಂದು ಹೆದರಿ ಮುಚ್ಚಿಡುವುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಮೊದಲು ಭಾವಿಸಬೇಕು. ಬೇರೆ ರೀತಿ ಸಾಬೀತಾಗದ ಹೊರತು ಶಿಕ್ಷಿಸುವಂತಿಲ್ಲ.

ಮನೆಗೆ ಫೋನ್ ಮಾಡುವಾಗ ಏನು ಹೇಳಬೇಕು, ಏನು ಹೇಳಬಾರದು ಎಂದು ವಿದ್ಯಾರ್ಥಿಯ ಜೊತೆ ಮೊದಲೇ ಮಾತಾಡಿಕೊಂಡು, ಅವರೆದುರೇ ಮಾಡುತ್ತೇವೆ. ಆ ಕಡೆಯಿಂದ ಬರುವ ಪ್ರಶ್ನೆಗಳು ಗೊತ್ತಿರುವಂಥವೇ: ‘ಯಾರದ್ದಾದರೂ ದೃಷ್ಟಿ ಬಿತ್ತಾ?’, ‘ಮಾತ್ರೆ ಶುರು ಮಾಡಿದ್ರೆ ಜೀವನಪೂರ್ತಿ ತಗೋಬೇಕಂತಲ್ಲ?’, ‘ನಾಳೆ ಮದುವೆಗೆ ತೊಂದರೆ ಆಗಲ್ವಾ?’ ವಾದ ಮಾಡಬಾರದು. ‘ದೇವಸ್ಥಾನಕ್ಕೂ ಹೋಗಿ ಬನ್ನಿ ಅಮ್ಮ, ಗುರುವಾರ ಡಾಕ್ಟರ ಹತ್ತಿರವೂ ಹೋಗೋಣ’ ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ವಾಕರಿಕೆಯಂಥ ಅಡ್ಡಪರಿಣಾಮ ಮಾತ್ರ ಮೊದಲ ದಿನಗಳಲ್ಲೇ ಬರಬಹುದು. ಮಾತ್ರೆ ಬಿಟ್ಟುಬಿಡುವುದು ಆ ನಡುವೆಯೇ. ಅದಕ್ಕೇ ನಾಲ್ಕನೇ ದಿನ ಮತ್ತು ಹತ್ತನೇ ದಿನ ನಾವೇ ಫೋನ್ ಮಾಡಿ ವಿಚಾರಿಸುತ್ತೇವೆ.

ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರು ಇರಲೇಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಒಳ್ಳೆಯದೇ. ಆದರೆ ದಿನಕ್ಕೆ ಐದು ಜನರಂತೆ ವಾರಕ್ಕೆ ನೋಡಲಾಗುವುದು 25 ಮಂದಿ, ಕಾಲೇಜಿನಲ್ಲಿರುವುದು ಮೂರು ಸಾವಿರ. ಆದ್ದರಿಂದ ವಿದ್ಯಾರ್ಥಿಗಳ ಉಸ್ತುವಾರಿ ನೋಡುವ ಮೆಂಟರ್‌ಗಳಿಗೆ ಮೂರೇ ಕೆಲಸ ಕಲಿಸುತ್ತೇವೆ: ಗಮನಿಸು, ಕೇಳು, ಕರೆತಾ. ಉಪದೇಶ ಮಾಡುವುದು ಅವರ ಕೆಲಸವಲ್ಲ. ಗಮನಿಸಬೇಕಾದ್ದು ಮೊದಲ ಇಂಟರ್ನಲ್ಸಿನಿಂದ ಎರಡನೆಯದಕ್ಕೆ ದಿಢೀರ್ ಕುಸಿದ ಅಂಕ, ಲ್ಯಾಬ್ ರೆಕಾರ್ಡ್ ಕೊಡದಿರುವುದು, ಸತತ ಮೂರು ದಿನ ಗೈರು. ನಿಜ ಹೇಳಬೇಕೆಂದರೆ ಎಲ್ಲರಿಗಿಂತ ಮುಂಚೆ ಕಾಣುವುದು ಹಾಸ್ಟೆಲಿನ ಮೆಸ್ಸಿನಲ್ಲಿ ಬಡಿಸುವವರಿಗೆ. ‘ಆ ಹುಡುಗ ನಾಲ್ಕು ದಿನದಿಂದ ರಾತ್ರಿ ಊಟಕ್ಕೆ ಬಂದಿಲ್ಲ’ ಎಂಬ ಅವರ ಒಂದು ಮಾತು ನಮ್ಮ ಯಾವ ಫಾರ್ಮಿಗೂ ಕಡಿಮೆಯಲ್ಲ. ಅವರ ಬಳಿ ನಮ್ಮ ನಂಬರ್ ಇರಬೇಕು.

ವರ್ಷದಲ್ಲಿ ಕೊಠಡಿ ತುಂಬುವ ದಿನಗಳು ಬಹುತೇಕ ಗೊತ್ತಿರುವಂಥವೇ: ಮೊದಲ ಇಂಟರ್ನಲ್ಸ್ ಮುಗಿದ ವಾರ, ದಸರಾ ರಜೆಗೆ ಊರಿಗೆ ಹೋಗಿ ವಾಪಸಾದ ಮೊದಲ ಮೂರು ದಿನ, ಪ್ಲೇಸ್‌ಮೆಂಟಿನಲ್ಲಿ ಹೆಸರು ಬಂದವರ ಪಟ್ಟಿ ಹಾಕಿದ ಸಂಜೆ. ಫಲಿತಾಂಶ ಎಷ್ಟೋ ಸಲ ಕತ್ತಲಾದ ಮೇಲೆ ಬರುತ್ತದೆ. ಆ ದಿನ ಕೊಠಡಿಯ ದೀಪ ರಾತ್ರಿ ಒಂಬತ್ತರವರೆಗೂ ಉರಿಯುತ್ತಿರಬೇಕು, ಹಾಸ್ಟೆಲ್ ವಾರ್ಡನ್ ಮಹಡಿ ಮಹಡಿಗೂ ಒಂದು ಸುತ್ತು ಹೋಗಿ ಬಾಗಿಲು ತಟ್ಟಿ ಊಟಕ್ಕೆ ಕರೆಯಬೇಕು.