ಹೊಸ ಸೆನ್ಸರ್ ಹಾಕಿದರೂ ಸೊನ್ನೆ: ಬೋಟಿನ ಪೆಟ್ರೋಲ್ ಮೀಟರ್ ಸರಿ ಮಾಡಿದ ನನ್ನ ಅನುಭವ

ಹುಣಸಗಿಯಲ್ಲಿ ನನ್ನದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಟ್ರ್ಯಾಕ್ಟರ್, ಟಂಟಂ, ಜೀಪುಗಳ ವೈರಿಂಗ್ ನನ್ನ ನಿತ್ಯದ ಕೆಲಸ. ಬೋಟಿಗೆ ಕೈ ಹಾಕಿದ್ದು ಈ ಮಳೆಗಾಲದ ಮುಂಚೆ, ನಾರಾಯಣಪುರ ಡ್ಯಾಮಿನ ಕಡೆಯಿಂದ ಫೋನ್ ಬಂದಾಗ. ಹೊಳೆ ಬಂದಾಗ ಜನರನ್ನು ದಾಟಿಸಲು ಇಟ್ಟ ಬೋಟು ಅದು, 40 ಎಚ್‌ಪಿ ಪೆಟ್ರೋಲ್ ಎಂಜಿನ್. ಗಂಟೆಗೆ ಎಷ್ಟು ಲೀಟರ್ ಉರಿಯುತ್ತಿದೆ ಅಂತ ತೋರಿಸುವ ಮೀಟರ್ ಕೆಟ್ಟಿತ್ತು.

"ಅಣ್ಣಾರ, ಸೆನ್ಸರ್ ಹೊಸಾದು ಹಾಕಿಸೀವಿ. ಆದ್ರೂ ಒಮ್ಮೆ ಸೊನ್ನಿ ತೋರಸ್ತದ, ಒಮ್ಮೆ ಸುಮ್ನ ಜಿಗೀತದ" ಅಂದರು ಬೋಟು ನಡೆಸುವವರು.

ಇದು ಸಣ್ಣ ಮಾತಲ್ಲ. ಕೃಷ್ಣೆ ತುಂಬಿದಾಗ ನೀಲಕಂಠರಾಯನಗಡ್ಡಿಯಂಥ ನಡುಗಡ್ಡೆಯ ಊರು ಕಡಿದುಹೋದದ್ದನ್ನು ನಮ್ಮ ಕಡೆ ಎಲ್ಲರೂ ನೋಡಿದ್ದೇವೆ. ಸೆಳವಿಗೆ ಎದುರಾಗಿ ಹೋಗುವ ಬೋಟಿಗೆ ನಡುನೀರಿನಲ್ಲಿ ಪೆಟ್ರೋಲ್ ಮುಗಿಯಬಾರದು.

ಈ ಸೆನ್ಸರಿನ ಕೆಲಸ ಸರಳ. ಪೆಟ್ರೋಲ್ ಪೈಪಿನ ನಡುವೆ ಒಂದು ಪುಟ್ಟ ಚಕ್ರ. ಪೆಟ್ರೋಲ್ ಹರಿದಂತೆ ಚಕ್ರ ತಿರುಗುತ್ತದೆ. ಅದರಲ್ಲಿರುವ ಆಯಸ್ಕಾಂತ ಪಕ್ಕದ ಹಾಲ್ ಸೆನ್ಸರ್ (ಆಯಸ್ಕಾಂತ ಹತ್ತಿರ ಬಂದದ್ದನ್ನು ಗುರುತಿಸುವ ಪುಟ್ಟ ಭಾಗ) ಮುಂದೆ ಹಾದಾಗಲೆಲ್ಲ ಒಂದು ಪಲ್ಸ್, ಅಂದರೆ ಕರೆಂಟಿನ ಒಂದು ಸಣ್ಣ ಮಿಡಿತ. ಮೀಟರ್ ಆ ಪಲ್ಸ್ ಎಣಿಸುತ್ತದೆ, ಅಷ್ಟೇ. ವೈರ್ ಮೂರು: ಕೆಂಪು ಪ್ಲಸ್, ಕಪ್ಪು ಅರ್ತ್ (ಬ್ಯಾಟರಿಯ ಮೈನಸ್), ಇನ್ನೊಂದು ಪಲ್ಸನ್ನು ಮೀಟರಿಗೆ ಒಯ್ಯುವ ಸಿಗ್ನಲ್. ಬಣ್ಣ ಬೇರೆ ಇರಬಹುದು, ಡಬ್ಬಿಯ ಚೀಟಿ ನೋಡಿಯೇ ಕೈ ಹಾಕಿ.

ಮೊದಲು ಪೆಟ್ರೋಲ್ ಟ್ಯಾಂಕ್ ಎತ್ತಿ ದಂಡೆಯ ಮೇಲೆ ದೂರ ಇಟ್ಟೆವು. ಪೈಪ್ ಖಾಲಿ ಮಾಡಿ, ಬೋಟನ್ನು ಅರ್ಧ ಗಂಟೆ ಗಾಳಿಗೆ ಬಿಟ್ಟೆವು. ಕಿಡಿ ಹಾರುವ ಕೆಲಸ ಅದಾದ ಮೇಲೆಯೇ.

ಬ್ಯಾಟರಿ 12.6 ವೋಲ್ಟ್ ಇತ್ತು. ಫ್ಯೂಸ್ ಸರಿ. ಸೆನ್ಸರಿನ ಸಾಕೆಟ್ ಬಿಚ್ಚಿ ಕೆಂಪು ಕಪ್ಪಿಗೆ ಮಲ್ಟಿಮೀಟರ್ ಹಿಡಿದರೆ 12.5. ಎಲ್ಲಾ ಸರಿ ಅನಿಸುತ್ತದೆ ಅಲ್ವಾ? ಮೊದಲು ನೋಡಿದ ಮೆಕ್ಯಾನಿಕ್ ಇಲ್ಲಿಗೇ ನಿಲ್ಲಿಸಿ ಸೆನ್ಸರ್ ಬದಲಿಸಿದ್ದರಂತೆ. ನಾನು ಸಾಕೆಟ್ ಮತ್ತೆ ಸಿಕ್ಕಿಸಿದೆ. ಹಿಂದಿನಿಂದ ಎರಡು ಗುಂಡುಸೂಜಿ ತೂರಿಸಿ ಅಳೆದೆ. 4 ವೋಲ್ಟ್ ಕೂಡ ಇಲ್ಲ!

ಮಲ್ಟಿಮೀಟರ್ ತಾನು ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. ಹಾಗಾಗಿ ಕೆಟ್ಟ ಜಾಯಿಂಟಿನಾಚೆಯೂ ಪೂರ್ತಿ ವೋಲ್ಟ್ ತೋರಿಸುತ್ತದೆ. ಸೆನ್ಸರ್ ಸೇರಿಸಿ ಕರೆಂಟ್ ಹರಿದಾಗಲೇ ಜಾಯಿಂಟಿನ ಬಂಡವಾಳ ಗೊತ್ತಾಗುವುದು. ಈಗ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಸೆನ್ಸರಿನ ಕಪ್ಪು ವೈರಿಗೆ ಹಿಡಿದೆ. ಅಲ್ಲಿ ಹೆಚ್ಚುಕಮ್ಮಿ ಸೊನ್ನೆ ಇರಬೇಕು. 8 ವೋಲ್ಟ್ ಮೇಲೆ ಬಂತು. ಅಂದರೆ ತಪ್ಪು ಅರ್ತ್ ವೈರಿನದು.

ವೈರ್ ಹಿಡಿದು ಹೋದರೆ, ಬೋಟಿನ ತಳದಲ್ಲಿ ನೀರು ನಿಲ್ಲುವ ಕಡೆ ಟೇಪ್ ಸುತ್ತಿದ ಜಾಯಿಂಟ್. ಟೇಪ್ ಬಿಚ್ಚಿದೆ. ಎಳೆಗಳೆಲ್ಲ ಕಿಲುಬು ಹಿಡಿದು ಹಸಿರಾಗಿದ್ದವು. ಉಗುರಿನಿಂದ ಕೆರೆದರೆ ಪುಡಿ ಉದುರಿತು. ನಾಲ್ಕೋ ಐದೋ ಎಳೆ ಮಾತ್ರ ಜೀವ ಹಿಡಿದಿದ್ದವು. ಬೋಟು ಅಲುಗಿದಾಗ ಅವು ಕೂಡುವುದು, ಬಿಡುವುದು. ಮೀಟರ್ ಜಿಗಿಯುತ್ತಿದ್ದದ್ದು ಅದಕ್ಕೇ. ಬೇರೆ ಕಪ್ಪು ವೈರ್ ಎಳೆದು, ನಡುವೆ ಜಾಯಿಂಟ್ ಇಲ್ಲದಂತೆ ನೇರ ಬ್ಯಾಟರಿಗೆ ಕೊಟ್ಟೆ. ತುದಿಗೆ ಲಗ್ (ಲೋಹದ ಕೊಂಡಿ) ಒತ್ತಿ, ಒಳಗೆ ಅಂಟು ಇರುವ ಸ್ಲೀವ್ ಹಾಕಿ ಬಿಸಿ ಮಾಡಿ ಮುಚ್ಚಿದೆ. ನೀರಿನ ಕೆಲಸಕ್ಕೆ ಟೇಪ್ ಬೇಡವೇ ಬೇಡ. ಸಿಗ್ನಲ್ ವೈರನ್ನು ಸ್ಪಾರ್ಕ್ ಪ್ಲಗ್ ವೈರುಗಳಿಂದ ದೂರ ಸರಿಸಿ ಕಟ್ಟಿದೆ.

ಆಮೇಲೆ ಸೆನ್ಸರಿನ ಸಾಕೆಟ್ ಬಿಚ್ಚಿ, ಪಲ್ಸನ್ನು ಕೈಯಿಂದಲೇ ಕೊಟ್ಟಂತೆ, ಮೀಟರ್ ಕಡೆಯ ಸಿಗ್ನಲ್ ವೈರನ್ನು ಕಪ್ಪಿಗೆ ಟಕ್ ಟಕ್ ಅಂತ ತಾಗಿಸಿದೆ. ಮೀಟರಿನಲ್ಲಿ ಅಂಕಿ ಏರಿತು. ಮೀಟರೂ ಸರಿ, ವೈರೂ ಸರಿ ಅಂತಾಯಿತು. ಈ ಪರೀಕ್ಷೆ ಪಲ್ಸ್ ಕೊಡುವಾಗ ಸಿಗ್ನಲ್ ವೈರನ್ನು ಅರ್ತಿಗೆ ಸೇರಿಸುವ ಬಗೆಯ ಸೆನ್ಸರಿಗೆ ಮಾತ್ರ. ಸಿಗ್ನಲ್ ವೈರಿಗೆ ಟೆಸ್ಟ್ ಬಲ್ಬ್ ಹಿಡಿಯಲೇಬೇಡಿ, ಸೆನ್ಸರಿನ ಒಳಗಿನ ಟ್ರಾನ್ಸಿಸ್ಟರ್ ಹೋಗಬಹುದು.

ಸೆನ್ಸರ್, ಟ್ಯಾಂಕ್ ಮತ್ತೆ ಸೇರಿಸಿ ಎಂಜಿನ್ ಶುರು ಮಾಡಿದರೆ ಜೋರಿನಲ್ಲಿ ಸರಿ, ನಿಧಾನದಲ್ಲಿ ಮತ್ತೆ ಸೊನ್ನೆ. ಕರೆಂಟಿನ ತಪ್ಪು ಮುಗಿದಿತ್ತು. ಇನ್ನು ಚಕ್ರವನ್ನೇ ನೋಡಬೇಕು. ಎಂಜಿನ್ ನಿಲ್ಲಿಸಿ, ಸೆನ್ಸರ್ ಬಿಚ್ಚಿ ಒಣಗಿಸಿ ಬಿಸಿಲಿಗೆ ಹಿಡಿದೆ. ಚಕ್ರದ ಅಚ್ಚಿಗೆ ಕೂದಲಿನಷ್ಟು ತೆಳ್ಳಗಿನ ಬಿಳಿ ಎಳೆ ಸುತ್ತಿತ್ತು. ನಲ್ಲಿಗೆ ಸುತ್ತುವ ಬಿಳಿ ಟೇಪು! ಹೊಸ ಸೆನ್ಸರ್ ಕೂರಿಸುವಾಗ ಅದರ ತಿರುಪಿಗೆ ಸುತ್ತಿದ್ದರು, ಅದರ ಚೂರು ಒಳಗೆ ಹೋಗಿತ್ತು. ಚಿಮುಟದಿಂದ ಎಳೆದು ತೆಗೆದೆ. ಚೊಕ್ಕ ಪೈಪ್ ತುಂಡು ಸಿಕ್ಕಿಸಿ ಬಾಯಿಂದ ಮೆಲ್ಲಗೆ ಊದಿದಾಗ ಚಕ್ರ ಸರಾಗ ತಿರುಗಿತು. ಕಂಪ್ರೆಸರ್ ಗಾಳಿ ಹೊಡೆದರೆ ಅಚ್ಚು ಹಾಳಾಗುತ್ತದೆ. ಫಿಲ್ಟರ್ ಸೆನ್ಸರಿನ ಆಚೆ, ಎಂಜಿನ್ ಕಡೆ ಇತ್ತು. ಅದನ್ನು ಟ್ಯಾಂಕಿನ ಕಡೆಗೆ ತಂದೆ, ಕಸ ಮೊದಲೇ ನಿಲ್ಲಲಿ ಅಂತ.

ಉಳಿದದ್ದು ಲೆಕ್ಕ. ಅಳೆದು 10 ಲೀಟರ್ ಉರಿಸಿದೆವು, ಮೀಟರ್ 11 ಅಂತು. ಮೀಟರಿನಲ್ಲಿ ಲೀಟರಿಗೆ ಇಷ್ಟು ಪಲ್ಸ್ ಅಂತ ಒಂದು ಸಂಖ್ಯೆ ಇರುತ್ತದೆ. ಅದನ್ನು 1.1ರಿಂದ ಗುಣಿಸಿ ಹಾಕಿದೆ. ಎರಡನೇ ಸಲ 10ಕ್ಕೆ 10 ಕೂತಿತು.

ಸಂಜೆ ಬೋಟು ನಡೆಸುವವರೇ ಅದನ್ನು ತೆಗೆದುಕೊಂಡು ನೀರಿಗೆ ಎದುರಾಗಿ ಒಮ್ಮೆ, ನೀರಿನ ಜೊತೆ ಒಮ್ಮೆ ಹೋಗಿ ಬಂದರು. ಎರಡೂ ಲೆಕ್ಕವನ್ನು ಮಾರ್ಕರ್‌ನಿಂದ ಮೀಟರಿನ ಕೆಳಗೇ ಬರೆದರು. "ಇನ್ನ ಎಷ್ಟು ಕ್ಯಾನ್ ಒಯ್ಯಬೇಕಂತ ಹೇಳಬಹುದು ನೋಡ್ರಿ" ಅಂದರು.