ಮಲೆನಾಡಿನ ಊರ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆ

ಶಿವಮೊಗ್ಗದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದವರು ಮೊದಲು ಒಂದು ದಿನಾಂಕವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಣೆಗೆ ಹೊಂದುವಂತೆ ಬದಲಾದವು. ಇಂಗ್ಲಿಷಿನ ಏಳು ಅಕ್ಷರಗಳ 'ಶಿಮೊಗ' (Shimoga) ಹೋಗಿ ಹತ್ತು ಅಕ್ಷರಗಳ 'ಶಿವಮೊಗ್ಗ' (Shivamogga) ಬಂದದ್ದು ಆಗಲೇ. ಕನ್ನಡದಲ್ಲಿ ಊರು ಮೊದಲಿನಿಂದಲೂ ಶಿವಮೊಗ್ಗವೇ ಆಗಿದ್ದುದರಿಂದ ಹೆಸರು ಬದಲಾಯಿತು ಎನ್ನುವುದಕ್ಕಿಂತ ಕಾಗುಣಿತ ತಿದ್ದಿತು ಎನ್ನುವುದೇ ಸರಿ.

ಇಂದು ಬರೆಯುವ ಅರ್ಜಿ, ವಿಳಾಸ, ಮದುವೆಯ ಕರೆಯೋಲೆಗಳಲ್ಲಿ ಹತ್ತಕ್ಷರದ ರೂಪವನ್ನೇ ಬಳಸಬೇಕು. ಆದರೆ ಅಜ್ಜನ ಕಾಲದ ಕ್ರಯಪತ್ರದಿಂದಲೋ ಹಳೆಯ ಅಂಕಪಟ್ಟಿಯಿಂದಲೋ ಒಂದು ಸಾಲನ್ನು ಎತ್ತಿ ಬರೆಯುವಾಗ ಅಲ್ಲಿರುವ ಹಳೆಯ ರೂಪವನ್ನು ತಿದ್ದುವ ಅಧಿಕಾರ ನಮಗಿಲ್ಲ. ಇದ್ದದ್ದನ್ನು ಇದ್ದಂತೆಯೇ ಬರೆದು, ಬೇಕಿದ್ದರೆ ಪಕ್ಕದಲ್ಲಿ ಹೊಸ ರೂಪವನ್ನು ಸೂಚಿಸಬಹುದು. ಸಂಸ್ಥೆಗಳ ಹೆಸರಿಗೂ ಇದೇ ನಿಯಮ ಅನ್ವಯಿಸುತ್ತದೆ. ಮೈಸೂರು ನಗರದ ಇಂಗ್ಲಿಷ್ ಕಾಗುಣಿತ ಬದಲಾದರೂ ಅಲ್ಲಿನ ವಿಶ್ವವಿದ್ಯಾನಿಲಯ ಇಂಗ್ಲಿಷಿನಲ್ಲಿ ಹಳೆಯ ರೂಪವನ್ನೇ ಉಳಿಸಿಕೊಂಡಿರುವುದರಿಂದ, ಊರಿನ ಕಾಗುಣಿತವನ್ನು ನೋಡಿಕೊಂಡು ಸಂಸ್ಥೆಯ ಹೆಸರನ್ನು ತಿದ್ದಬಾರದು.

ಹೆಸರಿನ ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳಬೇಕಾದಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಶಿವಮೊಗ್ಗ ಎಂಬುದು 'ಶಿವಮುಖ'ದಿಂದ ಬಂದಿತೆಂದು ಕೆಲವರೂ, ದೂರ್ವಾಸರ ಆಶ್ರಮದ ಕಥೆಯೊಂದಿಗೆ ಸೇರಿಸಿ 'ಸಿಹಿಮೊಗೆ', ಅಂದರೆ ಸಿಹಿಯ ಮಡಕೆ ಎಂಬುದರಿಂದ ಬಂದಿತೆಂದು ಕೆಲವರೂ ಹೇಳುತ್ತಾರೆ. ಇವೆರಡೂ ಪ್ರತೀತಿಗಳಾದ್ದರಿಂದ 'ಹೀಗೆ ಹೇಳುತ್ತಾರೆ' ಎಂಬ ಧಾಟಿಯಲ್ಲಿಯೇ ಬರೆಯುವುದು ಪ್ರಾಮಾಣಿಕ ಕ್ರಮ.

ನನ್ನ ಕಣ್ಣಿಗೆ ಹೆಚ್ಚು ಬೀಳುವ ತಪ್ಪು 'ಮಲೆನಾಡು' ಎಂಬ ಹೆಸರಿನದು. ಇಂಗ್ಲಿಷಿನಲ್ಲಿ ಲಕಾರಕ್ಕೂ ಳಕಾರಕ್ಕೂ ಒಂದೇ ಅಕ್ಷರವಿರುವುದರಿಂದ 'ಮಲೆ' ಮತ್ತು 'ಮಳೆ' ಎರಡೂ ಒಂದೇ ರೂಪ ತಾಳುತ್ತವೆ. ಆಗುಂಬೆಯ ಮಳೆಯನ್ನು ಕಂಡವರು ಇದನ್ನು ಮಳೆಯ ನಾಡೆಂದು ಅನುವಾದಿಸಿಬಿಡುತ್ತಾರೆ. ಮಲೆ ಎಂದರೆ ಕಾಡಿನಿಂದ ಕೂಡಿದ ಬೆಟ್ಟ. ಮಳೆ ಆ ಬೆಟ್ಟಕ್ಕೆ ಬರುತ್ತದೆಯೇ ಹೊರತು ಹೆಸರಿಗೆ ಬಂದಿಲ್ಲ. ಅಲ್ಲದೆ, 'ಮಲೆ' ಎಂಬುದನ್ನು ಅಕ್ಷರಕ್ಕೆ ಅಕ್ಷರ ಇಂಗ್ಲಿಷಿನಲ್ಲಿ ಬರೆದರೆ ಗಂಡಸು ಎಂಬರ್ಥದ ಇಂಗ್ಲಿಷ್ ಪದವೇ ಆಗಿಬಿಡುತ್ತದೆ! 'ಮಲ್ನಾಡ್' ಎಂಬ ಹಳೆಯ ರೂಪ ಆ ಗೊಂದಲವನ್ನಾದರೂ ತಪ್ಪಿಸುತ್ತದೆ ಎಂಬ ಕಾರಣಕ್ಕೆ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ.

ಕಾಗುಣಿತದಲ್ಲಿ ಒತ್ತಕ್ಷರವನ್ನು ಎಂದಿಗೂ ಬಿಡಬಾರದು. ಶಿವಮೊಗ್ಗದ ಹಳೆಯ ರೂಪದಲ್ಲಿ ಒಂದೇ 'ಜಿ' ಇದ್ದುದರಿಂದಲೇ ಉತ್ತರದವರು ಅದರ ಹಿಂದಿನ ಸ್ವರವನ್ನು ಎಳೆದು 'ಶಿಮೋಗಾ' ಎನ್ನುತ್ತಿದ್ದರು. ಹೆಗ್ಗೋಡಿನ ಎರಡು 'ಜಿ'ಗಳಲ್ಲಿ ಒಂದನ್ನು ಕಳೆದರೆ ಅದು ಹೆಗೋಡೋ ಹೇಗೋಡೋ ಆಗುತ್ತದೆ. ತಕಾರದ ವಿಷಯದಲ್ಲಿ ನಮ್ಮ ಕಡೆ ಟಕಾರದಿಂದ ಬೇರ್ಪಡಿಸಲು 'ಟಿ'ಯ ಜೊತೆಗೆ 'ಎಚ್' ಸೇರಿಸುವ ರೂಢಿಯಿದೆ. ತೀರ್ಥಹಳ್ಳಿಯಲ್ಲಿ ತಕಾರ, ಥಕಾರಗಳೆರಡೂ ಇರುವುದರಿಂದ ಮೊದಲ ಅಕ್ಷರಕ್ಕೆ 'ಎಚ್' ಹಾಕಿದವರೂ ಇದ್ದಾರೆ, ಬಿಟ್ಟವರೂ ಇದ್ದಾರೆ. ಯಾವುದನ್ನು ಆರಿಸಿಕೊಂಡರೂ ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬಾರದು; ಸರ್ಕಾರಿ ಅರ್ಜಿಯಾದರೆ ಜೊತೆಗಿಡುವ ದಾಖಲೆಯಲ್ಲಿರುವ ರೂಪವೇ ಅಂತಿಮ.

ಕೊನೆಯ ಅಕಾರವನ್ನು ಬಿಡುವುದರಿಂದ ಆಗುವ ತೊಂದರೆಯನ್ನು ನಾನೇ ಅನುಭವಿಸಿದ್ದೇನೆ. ಸಾಗರದ ನೆಂಟರ ಮನೆಗೆ ದೂರದ ಊರಿನಿಂದ ಕಳುಹಿಸಿದ ಪುಸ್ತಕದ ಕಟ್ಟಿನ ಮೇಲೆ 'ಸಾಗರ್' ಎಂದು ಬರೆದು ಪಿನ್‌ಕೋಡ್ ಹಾಕಲು ಮರೆತಿದ್ದೆ. ಅದು ಮಧ್ಯಪ್ರದೇಶದ ಸಾಗರ್ ನಗರವನ್ನು ನೋಡಿಕೊಂಡು, ಮೂರು ವಾರಗಳ ನಂತರ ಮೂಲೆಗಳೆಲ್ಲ ಜಜ್ಜಿಹೋದ ಸ್ಥಿತಿಯಲ್ಲಿ ನನ್ನ ಬಾಗಿಲಿಗೇ ಹಿಂತಿರುಗಿತು. ನಮ್ಮ ಸಾಗರದ ಪಿನ್‌ಕೋಡ್ 577401. ಮೊದಲ ಅಂಕಿ ಐದು ಎಂದಿದ್ದರೆ ಕಟ್ಟು ದಕ್ಷಿಣಕ್ಕೆ ಹೊರಡುತ್ತದೆ, ನಾಲ್ಕಾದರೆ ಮಧ್ಯಪ್ರದೇಶದ ಕಡೆಗೆ. ಭದ್ರಾವತಿಗೂ ಈ ಎಚ್ಚರ ಬೇಕು, ಏಕೆಂದರೆ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ ಅದೇ ಹೆಸರಿನ ಇನ್ನೊಂದು ಊರಿದೆ. ಆದ್ದರಿಂದ ವಿಳಾಸದಲ್ಲಿ ಊರು, ತಾಲ್ಲೂಕು, ಜಿಲ್ಲೆ, ರಾಜ್ಯ, ಪಿನ್‌ಕೋಡ್ ಇಷ್ಟನ್ನೂ ಬರೆಯಬೇಕು.

ವಾಕ್ಯದೊಳಗೆ ಬಳಸುವಾಗ ಊರಿನ ಹೆಸರಿನ ಹಿಂದೆ 'ದಿ' ಎಂಬ ಪದ ಬರುವುದಿಲ್ಲ, ನದಿಯ ಹೆಸರಿನ ಹಿಂದೆ ಬರುತ್ತದೆ: ಶಿವಮೊಗ್ಗಕ್ಕೆ ಬೇಡ, ತುಂಗೆಗೆ ಬೇಕು. ಜೋಗ್ ಫಾಲ್ಸ್‌ಗೆ ಅದು ಬೇಡ.

ಹಳೆಯ ಇಂಗ್ಲಿಷ್ ಗ್ರಂಥಗಳಲ್ಲಿ ನಮ್ಮ ಊರುಗಳನ್ನು ಹುಡುಕುವವರಿಗೆ ಬೇರೆಯದೇ ಕಷ್ಟವಿದೆ. ಜೋಗದ ಜಲಪಾತ ಅಲ್ಲಿ ಬಹುಪಾಲು ಗೇರುಸೊಪ್ಪೆಯ ಹೆಸರಿನಲ್ಲಿ ಸಿಗುತ್ತದೆ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು 'ಬೆಡ್ನೋರ್' ಆಗಿರುತ್ತದೆ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರ್‌ನಗರ ಎಂದು ಕರೆದ ನಂತರದ ಬರಹಗಳಲ್ಲಿ ಆ ಹೆಸರಿನಿಂದಲೂ, ಮುಂದೆ ಬರಿಯ 'ನಗರ' ಎಂದೂ ಹುಡುಕಬೇಕಾಗುತ್ತದೆ.

ಇದಕ್ಕೆ ತಿರುಗುಮುರುಗಾದ ಪ್ರಸಂಗ ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯದು. ವೈಸ್‌ರಾಯ್ ಆಗಿದ್ದ ರಿಪನ್ನನ ಹೆಸರು ಕನ್ನಡದ ಬಾಯಿಗೆ ಬಂದು ಒತ್ತು ಪಡೆದು, ಪೇಟೆಯನ್ನು ಸೇರಿಸಿಕೊಂಡು ಊರಾಯಿತು. ಅದನ್ನು ಮರಳಿ ಇಂಗ್ಲಿಷಿಗೆ ಒಯ್ಯುವಾಗ ಆ ಪ್ರಭುವಿನ ಒಂದೇ 'ಪಿ'ಯನ್ನು ನೆನೆದು ಊರಿನ ಹೆಸರಿನ ಮೊದಲಲ್ಲಿರುವ ಜೋಡಿ 'ಪಿ'ಗಳಲ್ಲಿ ಒಂದನ್ನು ಅಳಿಸಬಾರದು, ಬಸ್ಸಿನ ಬೋರ್ಡಿನ ಮೇಲೆ ಎರಡೂ ಇರುತ್ತವೆ.